ಇನ್ನೊಂದು ಹದಿನೈದು ದಿನ

ಯುಗಾದಿ ಕಳೆದು ಮೂರನೇ ದಿನಕ್ಕೇ
ಇಂದುಮತಿ ಟೀಚರು ಹೊನ್ನಾವರಕ್ಕೆ ಹೊರಟರು.
ಆಟೋದಲ್ಲಿ ಕೂತು, ಒಂದು ಕಾಲು ಇನ್ನೂ ಹೊರಗಿಟ್ಟುಕೊಂಡೇ
ಬೀಗದ ಕೈ ನನ್ನ ಅಂಗೈಗೆ ಒತ್ತಿದರು:
"ನಳ ಬಂದ ದಿನ ಸಂಪು ತುಂಬಿಸು, ಖೈರೂ.
ಮಲ್ಲಿಗೆಗೆ ಎರಡು ಚೊಂಬು, ಸಂಜಿಗೆ ಮಾತ್ರ.
ಈ ದಾವಣಗೆರೆ ಬಿಸ್ಲು ಇನ್ನ ನನ್ ಕೈಲಾಗಲ್ಲ.
ಒಂದು ತಿಂಗಳು, ಅಷ್ಟೇ."

ನನ್ನ ಕೆಲಸ ಮಂಡಕ್ಕಿ ಭಟ್ಟಿಯಲ್ಲಿ.
ರಾತ್ರಿ ಮೂರಕ್ಕೆ ಒಲೆಗೆ ಹೊಟ್ಟು ಸುರಿದರೆ
ಬೆಳಿಗ್ಗೆ ಒಂಬತ್ತಕ್ಕೆ ಮನೆ.
ಮನೆ ಅಂದರೆ ನಾಲ್ಕು ಗೋಡೆ, ಮೇಲೆ ತಗಡು.
ಹನ್ನೊಂದಾದರೆ ತಗಡು ಟಣ್ ಟಣ್ ಅನ್ನುತ್ತದೆ,
ಯಾರೋ ಮೇಲೆ ಕೂತು ಬೆರಳಲ್ಲಿ ಬಡಿದ ಹಾಗೆ.
ಭಟ್ಟಿಯಿಂದ ಭಟ್ಟಿಗೆ ಬಂದೆ ಎಂದು ನಗುತ್ತಿದ್ದೆ,
ನಗುವ ಶಕ್ತಿ ಇದ್ದ ದಿನ.

ಟೀಚರು ಫೋಟೊ ಕಳಿಸಿದರು:
ಮರಳಲ್ಲಿ ಅರ್ಧ ಹುಗಿದ ಎರಡು ಪಾದ,
ಎಂದೋ ತೆಗೆದಿಟ್ಟ ಕಾಲುಂಗುರದ ಬಿಳಿ ಗುರುತು.
ನನಗೆ ಗೊತ್ತಿರುವ ಮರಳು ಒಂದೇ,
ಬಾಣಲೆಯಲ್ಲಿ ಕಾದು ಕೂತದ್ದು,
ಅಕ್ಕಿ ಬಿದ್ದ ಕ್ಷಣಕ್ಕೇ ಅರಳಿಸಿ ಒಗೆಯುವುದು.
ಇವರು ಅದರೊಳಗೆ ಕಾಲಿಟ್ಟರಲ್ಲ ಎಂದು
ಅರೆಗಳಿಗೆ ಹೆದರಿದೆ.

ಆಮೇಲೆ ಅಲೆಯ ಸದ್ದೂ ಬಂತು.
"ಕಿವಿಗೆ ಹಿಡ್ಕೊಂಡು ಕೇಳು, ತಂಪಾಗ್ತತಿ."
ಕೇಳಿದೆ. ಸರ್ರ್ ಎಂದು ಬರುತ್ತದೆ, ಸರ್ರ್ ಎಂದು ಹೋಗುತ್ತದೆ.
ಜರಡಿಯಲ್ಲಿ ಮಂಡಕ್ಕಿ ಆಡಿಸುವ ಸದ್ದು!
ಇದನ್ನು ಕೇಳಲು ಹರಿಹರ, ಶಿವಮೊಗ್ಗ, ಸಾಗರ ದಾಟಿ
ಅಷ್ಟು ದೂರ ಹೋದರಾ?
ಹೇಳಲಿಲ್ಲ. ಹೆಬ್ಬೆರಳಿನ ಚಿತ್ರ ಒತ್ತಿ ಕಳಿಸಿದೆ.

ಎಂಟು ದಿನದ ಮೇಲೆ ಒಂದು ಮಂಗಳವಾರ ನಳ ಬಂತು.
ಸಂಪಿಗೆ ಪೈಪು ಬಿಟ್ಟು, ತುಂಬುವ ತನಕ
ಒಳಗೆ ಕೂತಿರೋಣ ಎಂದು ಬಾಗಿಲು ತೆಗೆದೆ.
ಕತ್ತಲೆ. ಕಡಪ ಕಲ್ಲಿನ ನೆಲ.
ಪುಸ್ತಕದ ಕಪಾಟಿನ ಪಕ್ಕ, ಎರಡು ಗೋಡೆ ಕೂಡುವಲ್ಲಿ
ಒಂದು ಬೆನ್ನಿನಷ್ಟು ಜಾಗ.
ಕೂತೆ. ಒರಗಿದೆ. ಕೆನ್ನೆ ಇಟ್ಟೆ.
ಕಲ್ಲು ನನ್ನ ಕಾವನ್ನು ಕುಡಿಯಿತು,
ಕುಡಿದೂ ಕುಡಿದೂ ತಾನು ಬೆಚ್ಚಗಾಗಲಿಲ್ಲ.
ಎದ್ದಾಗ ಅಸರ್ ಬಾಂಗು ಕೂಗುತ್ತಿತ್ತು.
ಸಂಪು ತುಂಬಿ, ಬೀದಿಗೆ ಹರಿದು, ಹರಿದದ್ದೂ ಒಣಗಿ,
ಎದುರು ಮನೆ ಚನ್ನಬಸಮ್ಮ
ಬೈದು ಬೈದು ಸುಸ್ತಾಗಿ ಮಲಗಿದ್ದಳು.

ಮರುದಿನ ನಳ ಬರಲಿಲ್ಲ. ನಾನು ಹೋದೆ.
ಮಲ್ಲಿಗೆಗೆ ನೀರು ಸಂಜೆ; ನಾನು ಹೋಗುತ್ತಿದ್ದದ್ದು ಮಟಮಟ ಮಧ್ಯಾಹ್ನ.
ಫ್ಯಾನು ಹಾಕಲಿಲ್ಲ. ಮಂಚ ಮುಟ್ಟಲಿಲ್ಲ.
ಗಡಿಗೆಯಲ್ಲಿ ಕುಡಿದಷ್ಟು ನೀರು ತುಂಬಿಟ್ಟೆ.
ಗೋಡೆಯ ಮೇಲಿನ ಯಜಮಾನರ ಫೋಟೊಗೆ
ಮೊದಲ ವಾರ ಬೆನ್ನು ಮಾಡಿ ಮಲಗುತ್ತಿದ್ದೆ,
ಆಮೇಲೆ ಅವರೂ ರೂಢಿಯಾದರು.
ನನ್ನ ಬಾಗಿಲಿಂದ ಅಲ್ಲಿಗೆ ಮೂವತ್ತೆರಡು ಹೆಜ್ಜೆ,
ಚಪ್ಪಲಿ ಮರೆತ ದಿನ ಇಪ್ಪತ್ತು.
ಬಸ್ಸಿಲ್ಲ, ಟಿಕೆಟ್ಟಿಲ್ಲ,
ನಾನೂ ಊರು ಬಿಟ್ಟಿದ್ದೆ.

ತಿಂಗಳು ತುಂಬಿ ಫೋನು ಬಂದಾಗ ಎದೆ ಡವಗುಟ್ಟಿತು.
"ತಂಗಿ ಬಿಡವಲ್ಲಳು ಖೈರೂ. ಇನ್ನೊಂದು ಹದಿನೈದು ದಿನ.
ನಿನಗೇನು ತ್ರಾಸಾಗಲ್ಲ ಹೌದಲ್ಲೋ?"
"ಏನಿಲ್ರಿ ಟೀಚರ್. ಆರಾಮಾಗಿ ಬರ್ರಿ."
ಆರಾಮು ಯಾರದು ಎಂದು
ಅವರು ಕೇಳಲಿಲ್ಲ.

ಬಂದದ್ದು ಕೃತ್ತಿಕಾ ಮಳೆ ನಾಲ್ಕು ಹನಿ ಉದುರಿಸಿದ ಮಾರನೇ ದಿನ.
ಮುಖ ಕಪ್ಪಿಟ್ಟು, ಕುತ್ತಿಗೆ ತುಂಬ ಬೆವರುಸಾಲೆ.
ನನಗೊಂದು ಪೊಟ್ಟಣ ಮುರುಗಲ ಸಿಪ್ಪೆ.
"ಸಮುದ್ರ ಅನ್ನಾದು ನೋಡಾಕಷ್ಟೇ ತಂಪು, ಮಾರಾಯ್ತಿ,"
ಆ ಮಾರಾಯ್ತಿಯನ್ನೂ ಅಲ್ಲಿಂದಲೇ ತಂದಿದ್ದರು.
"ಒಣಗಿದ ಸೀರೆ ಉಟ್ಟ ಗಳಿಗಿಗೇ ಒದ್ದಿ.
ರಾತ್ರಿಯೆಲ್ಲಾ ಏನು ನೆನಸ್ತಿದ್ದೆ ಗೊತ್ತೇನು?
ನಮ್ಮನಿ ಆ ಕಪಾಟಿನ ಪಕ್ಕದ..."
"ಮೂಲೆ," ಎಂದೆ ನಾನು.
ಬಾಯಿಂದ ಬಂದೇ ಬಿಟ್ಟಿತು.

ಟೀಚರು ಒಂದು ಗಳಿಗೆ ನನ್ನನ್ನು ನೋಡಿದರು,
ಆಮೇಲೆ ನೆಲವನ್ನು.
ಕಾಲಿಗೆ ಚುರುಚುರು ಅನ್ನುವಷ್ಟು ಮರಳು ಬಿದ್ದಿತ್ತು,
ಅವರ ಬ್ಯಾಗಿನದೋ, ನನ್ನ ಸೆರಗಿನದೋ.
"ಕಸಬರಿಗಿ ತಗಂಬಾ," ಅಂದರು.
ಎಲ್ಲಿದೆ ಎಂದು ಕೇಳದೆ
ಅಡಿಗೆಮನೆ ಬಾಗಿಲ ಹಿಂದಿನಿಂದ ತಂದೆ.